ಹದಿನಾಲ್ಕು ಎಣಿಕೆಯ ಮೌನ

ದೆವ್ವ, ಶಕುನ, ಕನಸಿನಲ್ಲಿ ಬಂದು ಬುದ್ಧಿ ಹೇಳುವ ಅಜ್ಜಿ, ಇಂಥವನ್ನೆಲ್ಲ ನಾನು ಗೇಲಿ ಮಾಡಿದಷ್ಟು ಕ್ಯಾಲಿಫೋರ್ನಿಯಾದ ನಮ್ಮ ಡ್ಯಾನ್‌ವಿಲ್ಲಿನ ಕನ್ನಡದವರಲ್ಲಿ ಬೇರೆ ಯಾರೂ ಮಾಡಿರಲಿಕ್ಕಿಲ್ಲ. ಒಮ್ಮೆ, ಎಲ್ಲರೂ ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್ಕಿನಲ್ಲಿ ಗೆಳತಿಯೊಬ್ಬಳು, ತೀರಿಹೋದ ಅತ್ತೆಯ ಊದುಬತ್ತಿಯ ವಾಸನೆ ಗರಾಜಿನಲ್ಲಿ ಬರುತ್ತಿದೆ ಎಂದು ಕಣ್ಣೊರೆಸಿಕೊಂಡಾಗ, "ಮೊದ್ಲು ಗ್ಯಾಸ್ ಲೀಕಾಗ್ತಿದ್ಯಾ ಚೆಕ್ ಮಾಡ್ಸಮ್ಮಾ" ಎಂದವಳು ನಾನು. ಅವಳು ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟಳು. ಈಗ ನಾನು ಬರೆಯುತ್ತಿರುವುದನ್ನು ಓದಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕರೂ ನನಗೆ ದೂರಲು ಬಾಯಿಲ್ಲ.

ಮೊದಲು ಹಳೆಯ ಸಂಗತಿ ಹೇಳಬೇಕು. ನಾನು ಆರನೇ ವಯಸ್ಸಿನಿಂದ ಹನ್ನೊಂದರವರೆಗೆ ಮೈಸೂರಿನಲ್ಲಿ ಸಂಗೀತ ಕಲಿತವಳು. ನನಗೆ ಬೇಕಾಗಿದ್ದುದು ಮೃದಂಗ. ಹೆಣ್ಣುಮಗುವಿಗೆ ಅದೆಲ್ಲ ಯಾಕೆ ಎಂದು ಹಾಡುಗಾರಿಕೆಗೆ ಹಾಕಿದರು. ಆಮೇಲೆ ಅಪ್ಪನಿಗೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಡಾಕ್ಟರ್ ಕೆಲಸ ಸಿಕ್ಕಿ ನಾವೆಲ್ಲ ಅಲ್ಲಿಗೆ ಹೋದೆವು. ಹತ್ತೊಂಬತ್ತಕ್ಕೆ, ಅಮ್ಮನ ಎದೆ ಒಡೆಯುವಂತೆ, ನಾನು ಒಂದು ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸತೊಡಗಿದೆ. ಪೋಸ್ಟ್-ಹಾರ್ಡ್‌ಕೋರ್ ಎಂಬ ಜಾತಿಯ ಸಂಗೀತ. ಗಂಟಲು ಹರಿಯುವಂತೆ ಕೂಗು, ಕಿವಿ ಕೊರೆಯುವ ಗಿಟಾರು, ನಡುವೆ ತಟಕ್ಕನೆ ಎಲ್ಲ ನಿಂತು ಮತ್ತೆ ಒಟ್ಟಿಗೇ ಸಿಡಿಯುವುದು. ಬ್ಯಾಂಡಿನ ಹೆಸರು ಬೇಡ. ಹೇಳಿದರೂ ನಿಮಗೆ ಗೊತ್ತಿರುವುದಿಲ್ಲ. ನಾವು ಬದುಕಿದ್ದುದು ಹತ್ತೊಂಬತ್ತು ತಿಂಗಳು, ತಂದದ್ದು ಒಂದೇ ಒಂದು ಪುಟ್ಟ ರೆಕಾರ್ಡು.

ನಾಲ್ಕು ಜನ ಇದ್ದೆವು. ಹಾಡಲು, ಅಂದರೆ ಕೂಗಲು, ಡೇವ್. ಬೇಸ್ ಗಿಟಾರಿಗೆ ಸೈಮನ್. ಡ್ರಮ್ಸಿಗೆ ನಾನು. ಮತ್ತು ಗಿಟಾರಿನ ಮಾರ್ಟಿನ್, ಬೇಕರಿಯವನ ಮಗ. ರಾಗ ಕಟ್ಟುತ್ತಿದ್ದವನು ಅವನೇ, ಅಪ್ಪನ ಬೇಕರಿಯ ವ್ಯಾನಿನಲ್ಲಿ ನಮ್ಮನ್ನು ಊರೂರಿಗೆ ಹೊತ್ತು ತಿರುಗುತ್ತಿದ್ದವನೂ ಅವನೇ. ನಮ್ಮ ಬಟ್ಟೆಗೆಲ್ಲ ಸದಾ ಬ್ರೆಡ್ಡಿನ ವಾಸನೆ.

ನಮ್ಮ ಮುಖ್ಯ ಹಾಡಿನ ನಡುವೆ ಹದಿನಾಲ್ಕು ಎಣಿಕೆಯ ಮೌನವಿತ್ತು. ಎಲ್ಲರೂ ಕಲ್ಲಿನಂತೆ ನಿಂತುಬಿಡಬೇಕು, ಹದಿನಾಲ್ಕು ಮುಗಿದೊಡನೆ ಒಟ್ಟಿಗೆ ಬೀಳಬೇಕು. ಮಿಕ್ಕವರು ಕಾಲಿನಲ್ಲಿ ಎಣಿಸುತ್ತಿದ್ದರು. ನಾನು ಕಡ್ಡಿಗಳನ್ನು ಎಡಗೈಗೆ ಕೊಟ್ಟು, ಮೈಸೂರಿನಲ್ಲಿ ಕಲಿತಂತೆ ಬಲಗೈಯಲ್ಲಿ ತೊಡೆಯ ಮೇಲೆ ತ್ರಿಪುಟ ತಾಳ ಹಾಕುತ್ತಿದ್ದೆ. ಒಂದು ತಟ್ಟು, ಕಿರುಬೆರಳು, ಉಂಗುರಬೆರಳು. ಆಮೇಲೆ ತಟ್ಟಿ ಅಂಗೈ ಮಗುಚುವುದು, ಇನ್ನೊಮ್ಮೆ ತಟ್ಟಿ ಮಗುಚುವುದು. ಅಲ್ಲಿಗೆ ಏಳು. ಎರಡು ಸುತ್ತು ಹಾಕಿದರೆ ಹದಿನಾಲ್ಕು. ಕೈ ಮುಗಿದೊಡನೆ ನಾನು ಕಡ್ಡಿ ಎತ್ತುತ್ತಿದ್ದೆ, ಅದನ್ನು ನೋಡಿ ಡೇವ್ ಮತ್ತು ಸೈಮನ್ ಶುರುಮಾಡುತ್ತಿದ್ದರು. ಮಾರ್ಟಿನ್ ಮಾತ್ರ ಕಣ್ಣು ಮುಚ್ಚಿ ಎಣಿಸುವವನು, ನನ್ನನ್ನು ನೋಡುತ್ತಿರಲಿಲ್ಲ.

ಒಂದು ಸಲ ಪಬ್ಬಿನ ಮಹಡಿಯ ಮೇಲೆ ನುಡಿಸುತ್ತಿದ್ದಾಗ ಮೌನದ ಕೊನೆಯಲ್ಲಿ ಮಾರ್ಟಿನ್ ಒಬ್ಬನೇ ನಮಗಿಂತ ಒಂದು ಎಣಿಕೆ ಮುಂಚೆ ಸಿಡಿದ. ಜನ ನಕ್ಕರು. ನನಗೆ ತಲೆ ಕೆಟ್ಟಿತು. ಹಾಡು ನಿಲ್ಲಿಸಿ, ಹದಿನಾಲ್ಕರವರೆಗೆ ಎಣಿಸಲೂ ಬರುವುದಿಲ್ಲವೇ ನಿನಗೆ ಎಂದು ಎಲ್ಲರ ಮುಂದೆ ಕಿರುಚಿದೆ. ಜನ ಇನ್ನೂ ನಕ್ಕರು. ವ್ಯಾನಿನಲ್ಲಿ ವಾಪಸಾಗುವಾಗ ಅವನು ಒಂದೇ ಮಾತು ಹೇಳಿದ, "ನೀನು ಹದಿನೈದು ಎಣಿಸಿದೆ" ಅಂತ. ಆರನೇ ವರ್ಷದಿಂದ ತಾಳ ಹಾಕಿದವಳಿಗೆ ಬೇಕರಿಯವನ ಮಗ ಲೆಕ್ಕ ಹೇಳುವುದೇ! ಮಾರನೆಯ ದಿನವೇ, ಅವನಿದ್ದರೆ ನಾನಿಲ್ಲ ಎಂದೆ. ಡೇವ್ ಮತ್ತು ಸೈಮನ್ ನನ್ನನ್ನು ಉಳಿಸಿಕೊಂಡು ಅವನನ್ನು ಬಿಟ್ಟರು. ಅವನಿಲ್ಲದೆ ಹೊಸ ಹಾಡೂ ಇಲ್ಲ, ವ್ಯಾನೂ ಇಲ್ಲ. ಮೂರು ತಿಂಗಳಲ್ಲಿ ಬ್ಯಾಂಡು ಮಣ್ಣುಗೂಡಿತು. ಆಮೇಲೆ ಅವನಿಂದ ಒಂದು ಕಾರ್ಡು ಬಂತು. ಒಂದೇ ಸಾಲು: ನಾನು ಸರಿಯಿದ್ದೆ, ಗೊತ್ತಾ? ಅದನ್ನು ಹರಿದು ಹಾಕಿದೆ.

ಅಲ್ಲಿಂದ ಓದು, ಮದುವೆ, ಅಮೆರಿಕ. ಇಪ್ಪತ್ತು ವರ್ಷ ನಾನು ಈ ಕತೆಯನ್ನು ಪಾರ್ಟಿ ಪಾರ್ಟಿಗಳಲ್ಲಿ ಹೇಳಿ ನಗಿಸಿದ್ದೇನೆ. ಹದಿನಾಲ್ಕು ಎಣಿಸಲು ಬಾರದ ಇಂಗ್ಲಿಷಿನವನ ಕತೆ. ನಮ್ಮವರಿಗೆ ಅದು ಬಲು ಇಷ್ಟ. ನಮ್ಮ ಸಂಗೀತ ಅಂದ್ರೆ ಸುಮ್ನೇನಾ ಎಂದು ಹೆಮ್ಮೆಪಟ್ಟುಕೊಂಡು ಇನ್ನೊಂದು ಬೋಂಡ ತೆಗೆದುಕೊಳ್ಳುತ್ತಿದ್ದರು.

ಇನ್ನು ಆ ದಿನಕ್ಕೆ ಬರುತ್ತೇನೆ. ಐದು ವರ್ಷದ ಹಿಂದಿನ ಒಂದು ಶನಿವಾರ, ಮಟಮಟ ಮಧ್ಯಾಹ್ನ. ಕತ್ತಲಿಲ್ಲ, ಗಾಳಿಯಿಲ್ಲ, ನಾಯಿ ಊಳಿಡಲಿಲ್ಲ. ನನ್ನ ಮಗಳು ನಿಧಿಗೆ ಆಗ ಹನ್ನೆರಡು. ಬರ್ಕ್ಲಿಯಲ್ಲಿ ಅವಳ ಮ್ಯಾಥ್ ಕ್ಲಾಸು ಮುಗಿಸಿಕೊಂಡು, ಫ್ರೀವೇಯ ರಶ್ಶು ಇಳಿಯಲಿ ಎಂದು ಯೂನಿವರ್ಸಿಟಿಯ ಹತ್ತಿರ ಸುತ್ತಾಡುತ್ತ ಒಂದು ಹಳೇ ರೆಕಾರ್ಡಿನ ಅಂಗಡಿ ಹೊಕ್ಕೆವು. ಪೆಟ್ಟಿಗೆಯಲ್ಲಿ ಕೈಯಾಡಿಸುತ್ತಿದ್ದ ನಿಧಿ ಒಂದು ಪುಟ್ಟ ರೆಕಾರ್ಡು ಹಿಡಿದು ಬಂದಳು. "ಅಮ್ಮಾ, ಇಸ್ ದಿಸ್ ಯೂ?" ಹಿಂಬದಿಯ ಮಸುಕು ಫೋಟೋದಲ್ಲಿ ನಾವು ನಾಲ್ವರು, ಬೇಕರಿಯ ವ್ಯಾನಿಗೆ ಒರಗಿ ನಿಂತಿದ್ದೆವು. ನನ್ನ ಹತ್ತಿರವೇ ಒಂದು ಪ್ರತಿಯೂ ಉಳಿದಿರಲಿಲ್ಲ.

ಕಿಟಕಿಯ ಬಳಿ ಕೇಳಿ ನೋಡಲು ಒಂದು ಪ್ಲೇಯರು, ಎರಡು ಹೆಡ್‌ಫೋನು ಇಟ್ಟಿದ್ದರು. ಒಂದು ನನ್ನ ಕಿವಿಗೆ, ಒಂದು ಅವಳ ಕಿವಿಗೆ. ಆ ರೆಕಾರ್ಡಿನ ಬಗ್ಗೆ ನಿಮಗೆ ಒಂದು ಮಾತು ಗೊತ್ತಿರಬೇಕು. ಸ್ಟುಡಿಯೋದಲ್ಲಿ ಆ ಹಾಡು ತಪ್ಪಿಲ್ಲದೆ ಬಂದಿತ್ತು. ಮೌನ ಸರಿಯಾಗಿ ಹದಿನಾಲ್ಕು. ಅದರಲ್ಲಿ ಉಸಿರಿನ ಸದ್ದೂ ಉಳಿಯದಂತೆ ಅಲ್ಲಿಯವರು ಒರೆಸಿಟ್ಟಿದ್ದರು.

ಹಾಡು ಶುರುವಾಯಿತು, ನಿಂತಿತು. ಮೌನದೊಳಗೆ ತೊಡೆಯ ಮೇಲೆ ಕೈ ಬೀಳುವ ಸದ್ದು ಕೇಳಿಸಿತು. ಜೀನ್ಸಿನ ಮೇಲೆ ಅಂಗೈ. ಒಂದು ತಟ್ಟು, ಎರಡು ಎಣಿಕೆಯ ಜಾಗ, ತಟ್ಟು, ಮತ್ತೆ ತಟ್ಟು. ಮೊದಲ ಸುತ್ತು ಏಳಕ್ಕೆ ಮುಗಿಯಿತು. ಎರಡನೆಯ ಸುತ್ತಿನಲ್ಲಿ ಒಂದು ತಟ್ಟು, ಆಮೇಲೆ ಮೂರು ಎಣಿಕೆಯ ಜಾಗ. ಕಿರುಬೆರಳು, ಉಂಗುರಬೆರಳು ಆದಮೇಲೆ ಮಧ್ಯದ ಬೆರಳೂ ಮಡಚಿತ್ತು. ಅದು ತ್ರಿಪುಟವಲ್ಲ, ಆದಿತಾಳ. ಮಕ್ಕಳಿಗೆ ಮೊಟ್ಟಮೊದಲು ಕಲಿಸುವ ತಾಳ, ಏಳಲ್ಲ, ಎಂಟು; ಎರಡು ಸುತ್ತೂ ಸೇರಿ ಹದಿನೈದು. ಮೈಮರೆತರೆ ನಮ್ಮ ಕೈ ತಾನಾಗಿ ಹೋಗಿ ಬೀಳುವುದು ಅದಕ್ಕೇ. ನನ್ನ ಕೊನೆಯ ಮಗುಚಿಗೆ ಸರಿಯಾಗಿ ಒಂದೇ ಗಿಟಾರು ಸಿಡಿಯಿತು. ಒಂದು ಎಣಿಕೆ ತಡವಾಗಿ ನಾವು ಮೂವರು ಬಿದ್ದೆವು. ಆ ಪಬ್ಬಿನ ಜನರ ನಗು. ಆಮೇಲೆ ಇಪ್ಪತ್ತರ ಹರೆಯದ ನನ್ನದೇ ಗಂಟಲು, ಹದಿನಾಲ್ಕು ಎಣಿಸಲು ಬರುವುದಿಲ್ಲವೇ ಎಂದು ಕಿರುಚುತ್ತಿತ್ತು.

ನಾನು ಸೂಜಿ ಎತ್ತಿಬಿಟ್ಟೆ. ಮತ್ತೆ ಮೊದಲಿನಿಂದ ಹಾಕಿದೆ. ಈ ಸಲ ಸ್ಟುಡಿಯೋದ ಹಾಡು, ಶುದ್ಧ ಮೌನ, ಹದಿನಾಲ್ಕು. ನಿಧಿ ಹೆಡ್‌ಫೋನು ಸರಿಸಿ, "ವೇರ್ ಡಿಡ್ ದ ಸ್ಕ್ರೀಮಿಂಗ್ ಲೇಡಿ ಗೋ?" ಎಂದಳು. ರೆಕಾರ್ಡು ಕೊಂಡು ಮನೆಗೆ ಬಂದೆವು.

ಸಂಜೆ ಊಟದ ಮೇಜಿನ ಮೇಲೆ ನಿಧಿ ಅಂಗೈಯಿಂದ ಬಡಿಯುತ್ತಿದ್ದಳು. ಏಳು, ಆಮೇಲೆ ಎಂಟು. ನಾನು ಅವಳಿಗೆ ಸಂಗೀತ ಕಲಿಸಿಲ್ಲ. ನನ್ನ ಸಂಗೀತದ ಹಟ ಅವಳಿಗೆ ಬೇಡವೆಂದು ಸಾಕರ್ ಆಟಕ್ಕೆ ಹಾಕಿದ್ದೆ.

"ಏನೇ ಅದು, ಟೇಬಲ್ ಮುರಿತೀಯಾ?" ಎಂದ ನನ್ನ ಗಂಡ ಪ್ರಶಾಂತ.

"ಅಮ್ಮನ ಸಾಂಗು," ಎಂದಳು ನಿಧಿ. "ಅಪ್ಪಾ, ಒನ್ ಗೈ ಕೇಮ್ ಇನ್ ಫಸ್ಟ್. ಹೀ ವಾಸ್ ರೈಟ್. ಎವ್ರಿಬಡಿ ಎಲ್ಸ್ ವಾಸ್ ಲೇಟ್." ಆಮೇಲೆ ನನ್ನ ಕಡೆ ತಿರುಗಿ, "ಅವ್ನಿಗ್ಯಾಕೆ ಬೈದೆ?" ಎಂದಳು. ಅವಳು ಹಾಗೆ ನೆಟ್ಟಗೆ ಕನ್ನಡದಲ್ಲಿ ಕೇಳುವುದೇ ಅಪರೂಪ.

ಅಂದೇ ಸೈಮನ್‌ಗೆ ಈಮೇಲ್ ಮಾಡಿ ಮಾರ್ಟಿನ್‌ನ ವಿಳಾಸ ಕೇಳಿದೆ. ಒಂದು ವಾರಕ್ಕೆ ಉತ್ತರ ಬಂತು. ಮಾರ್ಟಿನ್ ಹೋಗಿ ಎರಡು ವರ್ಷವಾಯಿತು, ಹೃದಯಾಘಾತ. ಬ್ಯಾಂಡು ಬಿಟ್ಟ ಮೇಲೆ ಅವನು ಗಿಟಾರು ಮುಟ್ಟಲೇ ಇಲ್ಲ, ಬೇಕರಿ ನೋಡಿಕೊಂಡ. ಸೈಮನ್ ಕೊನೆಗೆ ಇನ್ನೆರಡು ಸಾಲು ಬರೆದಿದ್ದ. ಅವತ್ತು ನೀನು ತಪ್ಪಿದ್ದು ನಮಗೂ ಗೊತ್ತಿತ್ತು. ಆದರೆ ಗಿಟಾರಿನವರು ಬೀದಿಗೊಬ್ಬರು ಸಿಗುತ್ತಾರೆ, ಡ್ರಮ್ಸಿನವರು ಸಿಗುವುದಿಲ್ಲ ಎಂದುಕೊಂಡೆವು.

ಅದನ್ನು ಓದಿ ಅವರ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಅಸಹ್ಯ ಬಂತು. ಪ್ರಶಾಂತನಿಗೆ ಎಲ್ಲ ಹೇಳಿದೆ. ನಿನ್ನ ಒಳಮನಸ್ಸಿಗೆ ಮೊದಲೇ ಗೊತ್ತಿತ್ತು, ಅದು ಆ ಮೌನದಲ್ಲಿ ಕೇಳಿಸಿತು ಅಷ್ಟೇ ಎಂದ. ನಾನೇ ಬೇರೆಯವರಿಗೆ ಹೇಳುತ್ತಿದ್ದಂಥ ಮಾತು. ನನ್ನ ಒಳಮನಸ್ಸು ನಿಧಿಯ ಹೆಡ್‌ಫೋನಿನಲ್ಲಿ ಹೇಗೆ ಕೇಳಿಸಿತು ಎಂದು ಕೇಳಿದೆ. ನೀನು ಗೊತ್ತಿಲ್ಲದೆ ಬೆರಳು ಆಡಿಸಿರಬೇಕು, ಅವಳು ನೋಡಿರಬೇಕು ಎಂದ. ಇರಬಹುದು. ಆದರೆ ಗಿಟಾರನ್ನು ನಾನು ಯಾವ ಬೆರಳಲ್ಲಿ ನುಡಿಸಿದೆ? ಆ ದಿನ ಪಬ್ಬಿನಲ್ಲಿ ಯಾರೂ ರೆಕಾರ್ಡ್ ಮಾಡಿರಲಿಲ್ಲ ಎಂದು ಸೈಮನ್ ಆಮೇಲೆ ಖಚಿತವಾಗಿ ತಿಳಿಸಿದ.

ಮೊನ್ನೆ ಮತ್ತೆ ಒಂದು ಪಾಟ್‌ಲಕ್ಕು. ಯಾರೋ ಹೊಸಬರು ಬಂದಿದ್ದರು. "ರೀ, ಆ ಹದಿನಾಲ್ಕು ಎಣ್ಸಕ್ಕೆ ಬರ್ದೇ ಇರೋನ್ ಕತೆ ಹೇಳ್ರೀ ಇವ್ರಿಗೆ" ಎಂದು ಒತ್ತಾಯ. ಕಾಲೇಜಿಗೆ ಹೊರಡಲಿರುವ ನಿಧಿ ತಟ್ಟೆ ಹಿಡಿದು ನನ್ನನ್ನೇ ನೋಡುತ್ತಿದ್ದಳು. ನಾನು ಹೇಳಿದೆ, "ಎಣ್ಸಕ್ಕೆ ಬರ್ದೇ ಇದ್ದೋಳು ನಾನೇ ಕಣ್ರೀ. ಅವ್ನು ಸರಿಯಾಗೇ ಎಣ್ಸಿದ್ದ." ಎಲ್ಲ ಗೊಳ್ಳೆಂದು ನಕ್ಕರು. ಹಿಂದೆಂದೂ ಅಷ್ಟು ನಕ್ಕಿರಲಿಲ್ಲ. ಎಷ್ಟು ದೊಡ್ಡ ಮನಸ್ಸಪ್ಪಾ ಇವರದು ಎಂದರು.

ಆ ರೆಕಾರ್ಡು ನನ್ನ ಬಳಿಯೇ ಇದೆ. ಮನೆಯಲ್ಲಿ ಯಾರೂ ಇಲ್ಲದಾಗ ಹಾಕುತ್ತೇನೆ. ಮೌನ ಬಂದಾಗ ಮಧ್ಯದ ಬೆರಳನ್ನು ಎಡಗೈಯಿಂದ ಒತ್ತಿಹಿಡಿದು ಎಣಿಸುತ್ತೇನೆ. ಪ್ರತಿ ಸಲವೂ ಹದಿನಾಲ್ಕೇ, ನಾಲ್ವರೂ ಒಟ್ಟಿಗೇ ಬೀಳುತ್ತೇವೆ. ಬರ್ಕ್ಲಿಯ ಆ ಮಧ್ಯಾಹ್ನ ನಾನು ಕೇಳಿದ್ದು ಎಲ್ಲಿಂದ ಬಂತು, ಯಾರು ಕಳಿಸಿದರು, ನನಗೆ ಇವತ್ತಿಗೂ ಗೊತ್ತಿಲ್ಲ. ಮತ್ತೆ ಒಮ್ಮೆ ಕೇಳಿಸಲಿ ಎಂದು ಕಾಯುತ್ತೇನೆ. ಮಾರ್ಟಿನ್ ಸರಿಯಾಗಿ ಎಣಿಸಿದ್ದು ಆ ಸದ್ದಿನಲ್ಲಿ ಮಾತ್ರ ಉಳಿದಿತ್ತು.