ಡಂಬಳದ ಕೆರೆಗೆ ಇಳಿದ ಜೀನಿಗಳು

ಪಂಚಮಿಗೆ ತವರಿಗೆ ಹೊರಟ ಹೆಣ್ಣುಮಕ್ಕಳಿಂದ ಗದಗಿನ ಬಸ್ ನಿಲ್ದಾಣ ಕಿಕ್ಕಿರಿದಿತ್ತು. ಮುಂಡರಗಿ ಬಸ್ಸಿನಲ್ಲಿ ಹೇಗೋ ಒಂದು ಸೀಟು ಹಿಡಿದು, ಮಗಳನ್ನು ಕಿಟಕಿಯ ಕಡೆ ಕೂರಿಸಿ, ಮಗನನ್ನು ತೊಡೆಯ ಮೇಲೆ ಹಾಕಿಕೊಂಡೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಆರು. ಡಂಬಳ ಬರುವವರೆಗೆ ಅವರಿಬ್ಬರೂ ಜಗಳವಾಡದಂತೆ ತಡೆಯಲು ನನ್ನ ಹತ್ತಿರ ಇದ್ದ ಉಪಾಯ ಕತೆ ಒಂದೇ.

ಆ ದಿನ ಬಾಯಿಗೆ ಬಂದದ್ದು ಜೀನಿಗಳ, ಎಂದರೆ ಕೇಳಿದ್ದನ್ನು ಕೊಡುವ ಮಾಯಾವಿಗಳ ಕತೆ. ಒಂದು ಹಿತ್ತಾಳೆ ತಂಬಿಗೆಯಲ್ಲಿ ಅಕ್ಕ-ತಮ್ಮ ಇಬ್ಬರು ಪುಟ್ಟ ಜೀನಿಗಳಿರುತ್ತಾರೆ. ಅವರು ತಮಗಾಗಿ ಏನೂ ಬೇಡುವಂತಿಲ್ಲ, ಬೇರೆಯವರ ಆಸೆ ಮಾತ್ರ ಪೂರೈಸಬೇಕು. ಅದಕ್ಕೆ ಇಬ್ಬರೂ ಅಂಗೈಗೆ ಅಂಗೈ ಬಡಿಯಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಈ ಕೊನೆಯ ನಿಯಮವನ್ನು ನಾನು ಸೇರಿಸಿದ್ದು ಅವರ ಜಗಳ ನಿಲ್ಲಲಿ ಎಂದು. ಅದು ಎಷ್ಟು ಚೆನ್ನಾಗಿ ಫಲಿಸಿತೆಂದರೆ, ಡಂಬಳದಲ್ಲಿ ಬಸ್ಸಿಳಿಯುವಾಗ ನನ್ನ ಜೊತೆ ಇದ್ದವರು ನನ್ನ ಮಕ್ಕಳಾಗಿ ಉಳಿದಿರಲಿಲ್ಲ, ಜೀನಿಗಳಾಗಿದ್ದರು.

ನನ್ನ ಅವ್ವನನ್ನು ಮಕ್ಕಳು ಆಯಿ ಎನ್ನುತ್ತಾರೆ. ಆಯಿ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಮಗ ದೇವರ ಮನೆಗೆ ನುಗ್ಗಿ ತಂಬಿಗೆ ಎತ್ತಿಕೊಂಡು ಬಂದಿದ್ದ. ಅಂದು ಮಧ್ಯಾಹ್ನವೇ ಓಣಿಯಲ್ಲಿ ಕೆಲಸ ಶುರುವಾಯಿತು. ನನ್ನ ಅಪ್ಪನ ಚಷ್ಮಾ ಕಾಣೆಯಾಗಿತ್ತು. ಜೀನಿಗಳು ಕೈ ಬಡಿದು, ಹಾಸಿಗೆ ಸುರುಳಿಯೊಳಗೆ ಹುಡುಕಿ ತಂದುಕೊಟ್ಟರು. ಎದುರು ಮನೆಯ ಕಾಕು ತನ್ನ ಕೋಳಿ ಬೆಳಗಿನಿಂದ ಬಂದಿಲ್ಲವೆಂದಳು. ಜೀನಿಗಳು ಮತ್ತೆ ಕೈ ಬಡಿದು, ಮೂರು ಹಿತ್ತಿಲು ಹಾರಿ, ಮೈತುಂಬ ತರಚಿಕೊಂಡು ಕೋಳಿ ಹಿಡಿದು ತಂದರು. ಕಾಕು ಇಬ್ಬರ ಕೈಗೂ ಒಂದೊಂದು ಶೇಂಗಾ ಉಂಡಿ ಇಟ್ಟಳು. ಮಗನಿಗೆ ತನ್ನ ಶಕ್ತಿಯ ಬಗ್ಗೆ ಇದ್ದ ಅನುಮಾನ ಅಲ್ಲಿಗೆ ಮುಗಿಯಿತು.

"ಆಯಿ, ನಿನಗೇನು ಬೇಕು ಕೇಳು," ಎಂದ.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: "ನನಗೇನ್ ಬೇಕಪಾ? ನಮ್ಮ ಕೆರಿ ತುಂಬಲಿ ನೋಡು. ಅಷ್ಟ್ ಮಾಡ್ರಿ ಸಾಕು."

ಆ ವರ್ಷ ನಮ್ಮ ಕಡೆ ಮಳೆ ಬರೀ ಹನಿ ಉದುರಿಸಿ ಹೋಗಿತ್ತು. ಮಲೆನಾಡಿನಲ್ಲಿ ಸುರಿದದ್ದರಿಂದ ತುಂಗಭದ್ರೆ ಮಾತ್ರ ತುಂಬಿ ಹರಿಯುತ್ತಿತ್ತು. ಹೊಳೆಯ ನೀರನ್ನು ಎತ್ತಿ ಕೆರೆಗೆ ಬಿಡುತ್ತಾರೆ ಎಂದು ಊರಲ್ಲಿ ಮೈಕಿನಲ್ಲಿ ಸಾರಿದ್ದರಂತೆ. ಆದರೆ ಇಂದು, ನಾಳೆ ಎನ್ನುತ್ತ ಅದು ಮುಂದೆ ಹೋಗುತ್ತಲೇ ಇತ್ತು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಮಕ್ಕಳಿಗಂತೂ ಏನೂ ಗೊತ್ತಿರಲಿಲ್ಲ.

ಸಂಜೆ ಅವರನ್ನು ಕರೆದುಕೊಂಡು ಕೆರೆಗೆ ಹೋದೆ. ನಾನು ಏರಿಯ ಮೇಲೆ ಕುಳಿತೆ, ಅವರು ಕೆಳಗಿಳಿದರು. ಬಿರುಕು ಬಿಟ್ಟ ಮಣ್ಣು, ಅಲ್ಲಲ್ಲಿ ಬಳ್ಳಾರಿ ಜಾಲಿಯ ಪೊದೆ. ನಡುವೆ ತಂಬಿಗೆ ಇಟ್ಟು ಇಬ್ಬರೂ ಅದಕ್ಕೆ ಮೂರು ಸುತ್ತು ಹಾಕಿದರು, ಅಂಗೈ ಬಡಿದರು, "ನೀರ ಬಾ!" ಎಂದು ಕೂಗಿದರು. ಆಮೇಲೆ ಪೊದೆಗಳ ಹಿಂದೆ ಮರೆಯಾದವರು ಬಹಳ ಹೊತ್ತು ಬರಲೇ ಇಲ್ಲ. ಕರೆಯಲು ನಾನು ಏಳಬೇಕು ಅನ್ನುವಷ್ಟರಲ್ಲಿ ಓಡೋಡಿ ಬಂದರು.

"ಅವ್ವಾ, ಅಲ್ಲಿ ಕುರಿಮರಿ ಅದಾವ! ಬಲಿಯೊಳಗ ಇಟ್ಟಾರ! ಒಂದು ಅಜ್ಜಿ ಐತಿ, ನನಗ ಎತ್ಕೊಳ್ಳಾಕ ಕೊಟ್ಳು," ಎಂದ ಮಗ. ಆ ಕುರಿಗಾರರು ಬೇರೆ ಊರಿನವರು, ಹಿಂದಿನ ದಿನವಷ್ಟೇ ಬಂದು ಅಲ್ಲಿ ಇಳಿದಿದ್ದರು. ದೊಡ್ಡ ಕುರಿಗಳನ್ನು ಗಂಡಸರು ಮೇಯಿಸಲು ಹೊಡೆದುಕೊಂಡು ಹೋಗುತ್ತಿದ್ದರು. ಅಜ್ಜಿ ಮರಿಗಳನ್ನು ಬಲೆಯ ದೊಡ್ಡಿಯೊಳಗೆ ಕೂಡಿಹಾಕಿ ಕಾಯುತ್ತಿದ್ದಳು.

ಮರುದಿನ ಬೆಳಿಗ್ಗೆ ನಾನು ಮಗಳ ಜಡೆ ಹೆಣೆಯುತ್ತಿದ್ದೆ. ಓಣಿಯಲ್ಲಿ ಯಾರೋ ಓಡುತ್ತ ಕೂಗಿದರು: "ಕೆರಿಗೆ ನೀರ ಬಂದ್ವಲೇ! ನೀರ ಬಂದ್ವು!"

ಜಡೆ ನನ್ನ ಕೈಯಿಂದ ಜಾರಿತು. ಮಗಳು ತಿರುಗಿ ತಮ್ಮನನ್ನು ನೋಡಿದಳು. ತಮ್ಮ ಬಾಯಿ ತೆರೆದುಕೊಂಡು ನಿಂತಿದ್ದ. ಮರುಕ್ಷಣವೇ ಇಬ್ಬರೂ ಚೀರುತ್ತ ಬಾಗಿಲು ದಾಟಿದರು. ನಾನೂ ಹಿಂದೆ ಓಡಿದೆ. ಇಡೀ ಊರೇ ಓಡುತ್ತಿತ್ತು. ಏರಿಯ ಮೇಲೆ ಆಗಲೇ ತೆಂಗಿನಕಾಯಿ ಒಡೆಯುತ್ತಿದ್ದರು, ಮೊಬೈಲು ಎತ್ತಿ ಹಿಡಿದಿದ್ದರು. ಆ ತುದಿಯಿಂದ ಕೆಂಪು ನೀರು ನೊರೆ ಹೊತ್ತು, ಕಸಕಡ್ಡಿ ತಳ್ಳಿಕೊಂಡು ಬರುತ್ತಿತ್ತು. ಬಿರುಕುಗಳಿಗೆ ಇಳಿಯುವಾಗ ಗುಳುಗುಳು ಸದ್ದು. ಒಣಮಣ್ಣಿನ ವಾಸನೆ ಏರಿಯ ತನಕ ಎದ್ದು ಬಂತು. ಅರೆಗಳಿಗೆ ನಾನೂ ಜೀನಿಗಳನ್ನು ನಂಬಿಬಿಟ್ಟೆ.

"ನಾವ ತಂದಿದ್ದು! ನಾವ ತಂದಿದ್ದು!" ಮಗ ಕುಣಿಯುತ್ತಿದ್ದ. ಕುಣಿಯುತ್ತಿದ್ದವನು ತಟ್ಟನೆ ನಿಂತ.

"ಅಕ್ಕಾ, ಮರಿ!"

ಮಗಳು ಕೆಳಗಿನ ಪೊದೆಗಳ ಕಡೆ ನೋಡಿದಳು. ತಮ್ಮನ ಕೈ ಹಿಡಿದೆಳೆದು ಅಂಗೈಗೆ ಅಂಗೈ ಬಡಿದಳು. "ನೀರ ನಿಲ್ಲು!" ಎಂದಳು. ಮತ್ತೆ ಬಡಿದಳು. ನೀರು ಬರುತ್ತಲೇ ಇತ್ತು.

"ಅವ್ವಾ, ನಿಲ್ಲವಲ್ದು!" ಎಂದು ನನ್ನ ಕಡೆ ತಿರುಗಿ ಅತ್ತಳು. ಆಮೇಲೆ ನಾನು ಹಿಡಿಯುವ ಮೊದಲೇ ಏರಿಯ ಕಲ್ಲುಗಳ ಮೇಲೆ ಸರಸರ ಇಳಿದುಬಿಟ್ಟಳು.

ಮಗನನ್ನು ಎದುರು ಮನೆಯ ಕಾಕುವಿನ ಕೈಗೆ ಒಪ್ಪಿಸಿ, ಸೀರೆ ಮೇಲೆತ್ತಿ ಕಟ್ಟಿ, ನಾನೂ ಇಳಿದೆ. ಚಪ್ಪಲಿ ಕೆಸರಿನಲ್ಲೇ ಉಳಿದವು. "ಮರಿ ಅದಾವ್ರೀ ಒಳಗ! ಜಲ್ದಿ ಬರ್ರೀ!" ಎಂದು ಏರಿಯ ಕಡೆ ತಿರುಗಿ ಒದರಿದೆ. ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ಏಳೆಂಟು ಮಂದಿ ದಡದಡ ಇಳಿದು ಬಂದರು.

ಪೊದೆಗಳ ಹಿಂದೆ ಸ್ವಲ್ಪ ಎತ್ತರದ ಜಾಗದಲ್ಲಿ ಬಲೆ ಕಟ್ಟಿತ್ತು. ನೀರು ಅದನ್ನು ಸುತ್ತುವರಿದಿತ್ತು. ನನಗೆ ಮೊಣಕಾಲಿನವರೆಗೆ, ಮಗಳಿಗೆ ತೊಡೆಯವರೆಗೆ. ಒಳಗೆ ಮರಿಗಳು ಒಂದರ ಮೇಲೊಂದು ಬಿದ್ದು ಅರಚುತ್ತಿದ್ದವು. ಕಾಯುವ ಅಜ್ಜಿ ಇರಲಿಲ್ಲ. ಯಾರೋ ಬಲೆ ಹರಿಯಲು ನೋಡಿದರು, ಹರಿಯಲಿಲ್ಲ. "ಗೂಟ ಕೀಳ್ರೀ, ಗೂಟ! ಅಜ್ಜಿ ಹಂಗ ಮಾಡಿದ್ಳು," ಎನ್ನುತ್ತ ಮಗಳು ಮೂಲೆಯ ಗೂಟಕ್ಕೆ ಜೋತುಬಿದ್ದಳು. ಒಬ್ಬ ಹುಡುಗ ಕೈ ಹಾಕಿದ. ಗೂಟ ಕಿತ್ತು ಬಂದು ಬಲೆ ಸಡಿಲಾಯಿತು.

ಆಮೇಲೆ ಎಲ್ಲವೂ ಕೈಯಿಂದ ಕೈಗೆ. ನನ್ನ ಸೆರಗಿನಲ್ಲಿ ಎರಡು ಮರಿ, ಮಗಳ ಹೆಗಲಮೇಲೆ ಒಂದು. ಪಂಚೆ ಕಟ್ಟಿದವರು ಬಗಲಿಗೊಂದು ಇರುಕಿಕೊಂಡು ನಡೆದರು. ಮರಿಗಳ ಮೈ ಬಿಸಿ, ಅವುಗಳ ಎದೆ ನನ್ನ ಹೊಟ್ಟೆಗೆ ಟಕಟಕ ಬಡಿಯುತ್ತಿತ್ತು. ಏರಿಯ ಮೇಲೆ ಕಾಕು ಮತ್ತು ಹೆಂಗಸರು ಸುತ್ತುಗಟ್ಟಿ ನಿಂತು, ಮರಿಗಳು ವಾಪಸ್ ಓಡದಂತೆ ತಡೆದರು.

ಎಲ್ಲವೂ ಬಂದವು ಎಂದುಕೊಂಡೆವು. ಆಗ ಮೇಲಿನಿಂದ ಮಗನ ಕೂಗು ಕೇಳಿತು. "ಬುಟ್ಟಿ! ಬುಟ್ಟಿ ಕೆಳಗ ಒಂದೈತಿ! ಸಣ್ಣದು!"

ಯಾವ ಬುಟ್ಟಿಯೆಂದು ಯಾರಿಗೂ ತಿಳಿಯಲಿಲ್ಲ. ಅವನು ಎರಡೂ ಕೈಯಿಂದ ಪೊದೆಯೊಂದನ್ನು ತೋರಿಸುತ್ತ ಕುಣಿದ. ಗೂಟ ಕಿತ್ತ ಹುಡುಗ ಅತ್ತ ನುಗ್ಗಿದ. ಜಾಲಿಯ ಬುಡದಲ್ಲಿ ಬೋರಲು ಹಾಕಿದ ಬುಟ್ಟಿ, ಮೇಲೊಂದು ಕಲ್ಲು. ನೀರು ಅದರ ಅರ್ಧಕ್ಕೆ ಬಂದಿತ್ತು. ಕಲ್ಲು ತಳ್ಳಿ ಬುಟ್ಟಿ ಎತ್ತಿದರೆ, ಹಿಂದಿನ ದಿನವಷ್ಟೇ ಹುಟ್ಟಿದ ಮರಿ ಕತ್ತು ಚಾಚಿ ನಿಂತಿತ್ತು, ಮೂಗು ಮಾತ್ರ ನೀರಿನ ಮೇಲೆ. ಅವನು ಅದನ್ನು ತಲೆಯ ಮೇಲೆತ್ತಿ ಹಿಡಿದಾಗ ಏರಿಯ ಮೇಲಿನ ಜನವೆಲ್ಲ ಹೋ ಎಂದರು. ಸೀಟಿ ಹೊಡೆದರು. ನಾನು ನೀರಿನಲ್ಲೇ ನಿಂತು ನಕ್ಕೆ, ಅತ್ತೆ, ಯಾವುದು ಮೊದಲೋ ನೆನಪಿಲ್ಲ.

ಅಜ್ಜಿ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳು. ಸುದ್ದಿ ಕೇಳಿ ತಲೆಯ ಮೇಲೆ ಹಿಟ್ಟಿನ ಚೀಲದೊಡನೆ ಓಡಿ ಬಂದಳು. ನೀರು ನೋಡಿ ಬಾಯಿ ಬಡಿದುಕೊಳ್ಳುವ ಹೊತ್ತಿಗೆ ಮರಿಗಳು ಕಣ್ಣಿಗೆ ಬಿದ್ದವು. ಚೀಲ ಇಳಿಸಿ ಅವುಗಳ ನಡುವೆ ಕುಸಿದು ಕುಳಿತು, ಒಂದೊಂದನ್ನೇ ಮುಟ್ಟಿ ಮುಟ್ಟಿ ನೋಡಿದಳು. ಮಗಳು ಹತ್ತಿರ ಹೋಗಿ ನಿಂತಳು. ಲಂಗದಿಂದ ನೀರು ಸುರಿಯುತ್ತಿತ್ತು.

"ಅಜ್ಜಿ, ನೀರ ತಂದಿದ್ದು ನಾವರೀ. ನಿನ್ನಿ ಕರದಿದ್ವಿ. ನಿಲ್ಸಾಕ ಬರಲಿಲ್ಲರೀ," ಎಂದು ಬಿಕ್ಕಿದಳು.

ಅಜ್ಜಿ ಅವಳನ್ನು ಒಮ್ಮೆ ನೋಡಿ, ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. "ನೀವ ತಂದ್ರೇನವ್ವಾ? ಭಾಳ ಛಲೋ ಮಾಡಿದ್ರಿ. ಊರಿಗೆ ನೀರ ಬೇಕಿತ್ತು. ಮುಂದಿನ ಸಲ ನನಗೊಂದು ಮಾತು ಹೇಳಿ ತರ್ರಿ, ಅಷ್ಟ."

ಸುತ್ತಲಿದ್ದವರೆಲ್ಲ ನಕ್ಕರು. ಮಗಳೂ ಅಳುತ್ತಲೇ ನಕ್ಕಳು. ನನ್ನ ಅಪ್ಪ ಅವಳನ್ನು ಪಕ್ಕಕ್ಕೆ ಕರೆದು, ಹೊಳೆಯ ಪಂಪು, ಕಾಲುವೆ, ಮೈಕಿನ ಸುದ್ದಿ ಎಲ್ಲವನ್ನೂ ಬಿಡಿಸಿ ಹೇಳಿದ. ಅವಳು ಗಂಭೀರವಾಗಿ ಕೇಳಿಸಿಕೊಂಡಳು. ಆದರೂ ತಮ್ಮನಿಗೆ ಹೇಳಬೇಡವೆಂದು ಅಪ್ಪನಿಂದ ಮಾತು ತೆಗೆದುಕೊಂಡಳು.

ಅಪ್ಪನೇ ಕುರಿಗಾರರಿಗೆ ಏರಿಯ ಆಚೆಯ ನಮ್ಮ ಬೀಳು ಹೊಲ ತೋರಿಸಿದ. ಅಲ್ಲಿ ಹೊಸದಾಗಿ ಬಲೆ ಕಟ್ಟಿದರು. ಸಂಜೆ ಮೇವು ಮುಗಿಸಿ ದೊಡ್ಡ ಕುರಿಗಳು ಬರುವ ಹೊತ್ತಿಗೆ ನಾವೆಲ್ಲ ಅಲ್ಲೇ ಇದ್ದೆವು. ದೂರದಲ್ಲಿ ಧೂಳು ಕಂಡಿತು, ತಾಯಿ ಕುರಿಗಳು ಕೂಗಿದವು. ಅಜ್ಜಿ ಬಲೆ ಎತ್ತಿದ್ದೇ ತಡ, ಮರಿಗಳೆಲ್ಲ ಒಮ್ಮೆಲೇ ಹೊಮ್ಮಿದವು. ಯಾವ ಮರಿ ಯಾವ ತಾಯಿಯದೋ ನಮಗೆ ತಿಳಿಯದು, ಅವಕ್ಕೆ ತಿಳಿದಿತ್ತು. ಮೂಸಿ, ತಳ್ಳಿ, ನುಗ್ಗಿ, ಒಂದೊಂದೂ ತನ್ನ ಕೆಚ್ಚಲು ಹುಡುಕಿಕೊಂಡು ಬಾಲ ಅಲ್ಲಾಡಿಸತೊಡಗಿತು. ಆ ಗದ್ದಲದಲ್ಲಿ ಮಗ ನನಗೇನೋ ಕೂಗಿ ಹೇಳುತ್ತಿದ್ದ. ಒಂದು ಅಕ್ಷರವೂ ಕೇಳಿಸಲಿಲ್ಲ.