ಸಮುದ್ರ ಒಲ್ಲೆ ಅಂದ ಉಡಿ

ಗದಗಿನಲ್ಲಿ ಹುಟ್ಟಿ ಸಮುದ್ರದ ಹುಚ್ಚು ಹಿಡಿಸಿಕೊಂಡವಳು ನಾನು. ಬೆಟಗೇರಿಯ ನನ್ನ ಸ್ಟುಡಿಯೋದಲ್ಲಿ ವರ್ಷವೆಲ್ಲ ಮದುವೆ, ಬಸುರಿಯರ ಕುಬಸ, ಪಾಸ್‌ಪೋರ್ಟ್ ಸೈಜಿನ ಮುಖಗಳು. ಲಗ್ನದ ಸೀಸನ್ ಮುಗಿಯಿತೆಂದರೆ ಕ್ಯಾಮೆರಾ ಹೊತ್ತು ಕರಾವಳಿಯ ಬಸ್ಸು ಹತ್ತುತ್ತೇನೆ. ಲೆನ್ಸಿನ ಮುಂದೆ ಕಪ್ಪು ಗಾಜು ಹಾಕಿ, ಶಟರನ್ನು ಮೂರು-ನಾಲ್ಕು ನಿಮಿಷ ತೆರೆದೇ ಇಡುವುದು ನನ್ನ ಖಯಾಲಿ. ಅಷ್ಟರಲ್ಲಿ ತೆರೆಗಳೆಲ್ಲ ಒಂದರೊಳಗೊಂದು ಕರಗಿ ನೀರು ಹಾಲಿನ ಕೆನೆಯಂತಾಗುತ್ತದೆ. ಕಲ್ಲು ಉಳಿಯುತ್ತದೆ, ಅಲುಗಾಡುವುದೇನೂ ಚಿತ್ರದಲ್ಲಿ ಉಳಿಯುವುದಿಲ್ಲ. "ಇದ್ದದ್ದನ್ನ ಅಳಸಾಕ ಅಷ್ಟ ದೂರ ಹೋಗಬೇಕೇನ?" ಎಂದು ಅವ್ವ ಚಾಷ್ಟಿ ಮಾಡುತ್ತಾಳೆ.

ಹೋದ ತಿಂಗಳು ಅವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ನಾನೀಗ ಬಸುರಿ. ಹಿಂದೊಮ್ಮೆ ನಿಂತ ಬಸಿರು ಉಳಿದಿರಲಿಲ್ಲ. ನನ್ನನ್ನು ಒಬ್ಬಳನ್ನೇ ಕಳಿಸಲು ಅವಳಿಗೆ ಧೈರ್ಯವಿಲ್ಲ, ಮನೆಯಲ್ಲಿ ಕೂತರೆ ನನಗೆ ಆ ಹಿಂದಿನದೇ ನೆನಪು. ಅವ್ವ ಮುಂಡರಗಿ ಕಡೆಯ ಹೊಳೆದಂಡೆಯವಳು. ಅವಳ ತವರಿನಲ್ಲಿ ಬಸುರಿ ಮಗಳ ಹೆಸರಿನಲ್ಲಿ ಹೊಳೆಗೆ ಉಡಿ ತುಂಬುತ್ತಾರೆ. ಹಸಿರು ರವಿಕೆ ಖಣದಲ್ಲಿ ತೆಂಗಿನಕಾಯಿ, ಅಕ್ಕಿ, ಬಳೆ ಕಟ್ಟಿ ನೀರಿಗೆ ಬಿಡುವುದು. ತುಂಗಭದ್ರೆ ಅದನ್ನು ಒಯ್ದಳೆಂದರೆ ಒಪ್ಪಿದಳೆಂದು ಅರ್ಥ. ಹೊಳೆಗಳಿಗೆಲ್ಲ ಹಿರಿಯಳಾದ ಸಮುದ್ರಕ್ಕೇ ಒಪ್ಪಿಸಿದರೆ ಇನ್ನೂ ಚಲೋ ಎಂದು ಅವ್ವ ಗಂಟು ಕಟ್ಟಿಕೊಂಡೇ ಬಂದಿದ್ದಳು.

ಹೊನ್ನಾವರದ ಕಡೆಯ ಒಂದು ದಂಡೆ. ಸಂಜೆ, ಮೋಡ ಕವಿದಿತ್ತು. ಮರಳಿನ ಮೇಲ್ಗಡೆ ಟ್ರೈಪಾಡ್ ಊರಿ, ರಿಮೋಟಿನ ಗುಂಡಿ ಒತ್ತಿ ಲಾಕ್ ಮಾಡಿದೆ. ಲಾಕ್ ತೆಗೆಯುವವರೆಗೆ ಶಟರ್ ಮುಚ್ಚುವುದಿಲ್ಲ. ಮಗ್ಗುಲಲ್ಲಿ ಕೂತು ಮೊಬೈಲಿನಲ್ಲಿ ಸಮಯ ನೋಡುತ್ತಿದ್ದೆ.

ತಲೆ ಎತ್ತಿದಾಗ ದಂಡೆಯ ಮೇಲೆ ಅವ್ವನ ಚಪ್ಪಲಿ ಇದ್ದವು, ಅವ್ವ ಇರಲಿಲ್ಲ.

ಎದ್ದು ನಿಂತೆ. ಆಮೇಲೆ ಕಂಡಳು. ನಡುಮಟ ನೀರಿನಲ್ಲಿ ನಿಂತು ಇನ್ನೂ ಒಳಗೆ ಹೆಜ್ಜೆ ಹಾಕುತ್ತಿದ್ದಳು. ಅವಳಾಚೆ ಏಳುತ್ತಿದ್ದ ತೆರೆ ಅವಳಿಗಿಂತ ಎತ್ತರ. ನನಗೂ ಈಜು ಬಾರದು, ಅವಳಿಗೂ ಬಾರದು. ಕೂಗಿದೆ. ಆ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ತೆರೆ ಅವಳ ಮೇಲೆ ಹಾಯಿತು, ಅವ್ವ ಇಲ್ಲವಾದಳು. ಹೇಗೆ ಓಡಿದೆನೋ ಗೊತ್ತಿಲ್ಲ, ಮೊಣಕಾಲುದ್ದ ನೀರಿನಲ್ಲಿ ಅವಳ ರಟ್ಟೆ ಕೈಗೆ ಸಿಕ್ಕಿತು. ತೆರೆಯೇ ಅವಳನ್ನು ದಂಡೆಯತ್ತ ದಬ್ಬಿತ್ತು. ಹಸಿರು ಗಂಟನ್ನು ಎದೆಗೆ ಅವುಚಿ ಹಿಡಿದಿದ್ದಳು.

"ಯವ್ವಾ, ಸಾಯಾಕ ಬಂದೀಯೇನು?" ಎಂದು ಚೀರಿದೆ. ಹೆದರಿಕೆಯೆಲ್ಲ ಸಿಟ್ಟಾಗಿ ಹೊರಬಿತ್ತು.

ಅವಳು ಉಪ್ಪುನೀರು ಉಗುಳಿ, ನಡುಗುತ್ತ ಅಂದಳು: "ಒಲ್ಲೆ ಅಂತಾಳ, ಮಗಳ. ಬಿಟ್ಟಷ್ಟು ಸಲಾನೂ ತಂದು ನನ್ನ ಕಾಲಿಗೇ ಒಗದ್ಲು. ಹೊಳಿ ಹಿಂಗ ಎಂದೂ ಮಾಡಿಲ್ಲ. ಒಳಗ ಹೋಗಿ ಬಿಟ್ರರ ಒಯ್ದಾಳು ಅಂತ..."

ಅಂಥ ತೆರೆಗೆ ಅಂಜದವಳು ಒಂದು ತೆಂಗಿನಕಾಯಿಗೆ ಅಂಜಿ ಅಳುತ್ತಿದ್ದಳು.

"ಹುಚ್ಚಿ, ಸಮುದ್ರ ಅಂದ್ರ ಹಂಗ. ಏನ ಒಗದ್ರೂ ತಿರುಗಿ ದಂಡಿಗೆ ಬರ್ತೈತಿ" ಎಂದೆ. ಹೇಳುವುದೇನೋ ಹೇಳಿದೆ. ಆದರೆ ಅವಳ ಕೈಯಿಂದ ಆ ಒದ್ದೆ ಗಂಟನ್ನು ಇಸಿದುಕೊಂಡಾಗ ಹಿಂದಿನ ಸಲ ಆಸ್ಪತ್ರೆಯಲ್ಲಿ, ಸ್ಕ್ಯಾನಿಂಗ್ ಪರದೆ ನೋಡುತ್ತ ನೋಡುತ್ತ ಡಾಕ್ಟರು ಸುಮ್ಮನಾದದ್ದು ಕಣ್ಣ ಮುಂದೆ ಬಂತು. ಗಂಟನ್ನು ಮರಳಿನ ಮೇಲೆ ಇಡಲಾರೆ, ಊರಿಗೆ ವಾಪಸು ಒಯ್ಯಲಂತೂ ಆಗದು. ಇದ್ದಬದ್ದ ಶಕ್ತಿಯೆಲ್ಲ ಹಾಕಿ ಬೀಸಿ ಒಗೆದೆ. ಅದು ನೀರಿಗೆ ಬೀಳುವ ಮೊದಲೇ ಅವ್ವ ನನ್ನ ಭುಜ ಹಿಡಿದು ತಿರುಗಿಸಿದಳು.

"ಹಿಂದ ನೋಡಬ್ಯಾಡ."

ನೋಡಲಿಲ್ಲ. ಕೈ ಹಿಡಿದುಕೊಂಡು ಮೇಲೆ ಬಂದೆವು. ಬೆನ್ನ ಹಿಂದೆ ಒಂದೊಂದು ತೆರೆ ಒಡೆದಾಗಲೂ ಕಾಲಿಗೆ ಏನೋ ಬಂದು ಬಡಿದೀತೆಂದು ಮೈ ಹಿಡಿ ಮಾಡಿಕೊಳ್ಳುತ್ತಿದ್ದೆ. ಎದುರಿಗೆ ಕ್ಯಾಮೆರಾ ಸಮುದ್ರದ ಕಡೆಗೆ ಮುಖ ಮಾಡಿ ಇನ್ನೂ ತೆರೆದೇ ನಿಂತಿತ್ತು. ಲಾಕ್ ತೆಗೆದೆ. ಅಷ್ಟು ಹೊತ್ತು ತೆರೆದಿಟ್ಟ ಚಿತ್ರದಲ್ಲಿ ತೇಲುವ ಗಂಟು ಮೂಡುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಪರದೆ ಬೆಳಗುವ ಮೊದಲೇ ಅದರ ಮೇಲೆ ಅಂಗೈ ಮುಚ್ಚಿದೆ.

ಆ ಚಿತ್ರವನ್ನು ಇನ್ನೂ ನೋಡಿಲ್ಲ. ಬರುವ ವಾರ ನನ್ನ ಸ್ಕ್ಯಾನಿಂಗ್ ಇದೆ.