ಹೆಬ್ಬಗೋಡಿಯಲ್ಲಿ ತೇಲಲು ಹೊರಟ ಟ್ಯಾಂಕು

ಹೆಬ್ಬಗೋಡಿಯಲ್ಲಿ ಹೊಸೂರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಮನೆಯ ಅಂಗಳದಲ್ಲೊಂದು ಗುಂಡಿ. ಅದರೊಳಗಿನ ಪ್ಲಾಸ್ಟಿಕ್ ಟ್ಯಾಂಕಿನ ಮೇಲೆ ಮೂವರು ಹೆಂಗಸರು ಕೂತಿದ್ದರು. ಅವರಲ್ಲಿ ಮನೆಯೊಡತಿ ಸಾಕಮ್ಮ ನನ್ನ ಗಾತ್ರ ನೋಡಿ ಕೂಗಿದರು: “ಮೇಡಂ, ಒಸಿ ಬಂದು ಇದರ ಮ್ಯಾಲೆ ಕುಂತ್ಕಳಿ. ನಿಮ್ಮಂಥೋರೇ ಬೇಕಿತ್ತು!”

ಸಿಟ್ಟು ಬಂತು. ಆದರೂ ಹೋದೆ.

ನೆಲದೊಳಗೆ ನೀರಿನ ಸಂಪ್ ಆಗಲೆಂದು ನಿನ್ನೆಯಷ್ಟೇ ಇಳಿಸಿ ಪೈಪು ಜೋಡಿಸಿದ ಖಾಲಿ ಟ್ಯಾಂಕು ಅದು. ರಾತ್ರಿ ಮಳೆಗೆ ಗುಂಡಿಯಲ್ಲಿ ನೀರು ನಿಂತು, ಅದು ಮೇಲೇಳಲು ಹೊರಟಿತ್ತು. ತಾನು ಪಕ್ಕಕ್ಕೆ ತಳ್ಳುವ ನೀರಿಗಿಂತ ಖಾಲಿ ಟ್ಯಾಂಕು ಹಗುರ, ಹಾಗಾಗಿ ನೀರು ಅದನ್ನು ಎತ್ತಿಬಿಡುತ್ತದೆ. ಎದ್ದರೆ ಪೈಪು ಮುರಿಯುತ್ತದೆ. ಒಳಗೆ ನೀರು ತುಂಬಿದರೆ ತೆಪ್ಪಗೆ ಕೂರುತ್ತದೆಂದು ಟ್ಯಾಂಕರಿಗೆ ಫೋನ್ ಮಾಡಿ ಕಾಯುತ್ತಿದ್ದರು.

“ಸುತ್ತ ಇಷ್ಟು ನೀರಿದೆಯಲ್ಲ, ಇದನ್ನೇ ಮೊಗೆದು ಒಳಗೆ ಹಾಕಿ” ಎಂದೆ.

“ಮೋರಿ ನೀರು ಸೇರ್ಕಂಡದೆ ಮೇಡಂ. ಸೊಸೆ ಬಾಣಂತಿ. ಆಮ್ಯಾಕೆ ಇದೇ ಟ್ಯಾಂಕಿನ ನೀರ್ನ ಮಗೀಗೆ ಎಂಗೆ ಉಯ್ಯೋದು?”

ಟ್ಯಾಂಕು ಹತ್ತಿ ಅವರ ಪಕ್ಕ ಕೂತೆ. ಟ್ಯಾಂಕು ನಾಲ್ಕು ಬೆರಳು ತಗ್ಗಿತು. ಹೆಂಗಸರು ಚಪ್ಪಾಳೆ ತಟ್ಟಿದರು. ನನ್ನ ತೂಕಕ್ಕೆ ಯಾರೂ ಇಷ್ಟು ಖುಷಿಪಟ್ಟಿದ್ದು ನೆನಪಿಲ್ಲ.

ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರು “ಹೊಸೂರ್, ಹೊಸೂರ್” ಎಂದು ಕೂಗಿದ. ಸಾಕಮ್ಮ ತಡೆಯಲಿಲ್ಲ. “ಓಗ್ಬನ್ನಿ ಮೇಡಂ” ಅಂದರು.

ಎದ್ದೆ. ನನ್ನ ಜೊತೆಗೇ ಟ್ಯಾಂಕೂ ಎದ್ದಿತು.

ಮತ್ತೆ ಕೂತುಬಿಟ್ಟೆ.